ಕೊಕ್ಕೆ ಹಿಡಿಯದ ಪಿಸ್ತೂಲು

ಸೋಮವಾರ ಬೆಳಿಗ್ಗೆ ಜಯನಗರದ ನನ್ನ ಬಂದೂಕು ರಿಪೇರಿ ಅಂಗಡಿಯ ಷಟರ್ ಎತ್ತಿ ಊದುಬತ್ತಿ ಹಚ್ಚುವಷ್ಟರಲ್ಲಿ ಶೂಟಿಂಗ್ ಕ್ಲಬ್ಬಿನ ಕೋಚ್ ಬಂದು ನನ್ನ ಮೇಜಿನ ಮೇಲೆ ಎರಡು ವಸ್ತು ಇಟ್ಟರು. ಒಂದು, ಬೀಗ ಹಾಕಿದ ಪಿಸ್ತೂಲಿನ ಪೆಟ್ಟಿಗೆ. ಇನ್ನೊಂದು, ಮೊಸರಿನ ಪ್ಲಾಸ್ಟಿಕ್ ಡಬ್ಬಿಯ ತುಂಬ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸುಗಳು. ಅವರ ಹಿಂದೆ ಪಿಸ್ತೂಲಿನ ಒಡತಿ ನಿಂತಿದ್ದಳು. ಜೆ.ಪಿ. ನಗರದ ಹುಡುಗಿ, ಎಂ.ಕಾಂ. ಓದುತ್ತಾಳೆ, ಗುರಿಯಲ್ಲಿ ಗಟ್ಟಿಗಿತ್ತಿ. ಅವತ್ತು ಅತ್ತು ಮುಗಿಸಿದ ಮುಖ.

"ಅಮ್ಮಾವ್ರೇ, ಶನಿವಾರ ಕಮಿಟಿ ಮೀಟಿಂಗ್ ಇದೆ. ಅಷ್ಟರೊಳಗೆ ನಿಮ್ ಲೆಟರ್‌ಹೆಡ್ಡಲ್ಲಿ ಒಂದು ರಿಪೋರ್ಟ್ ಬೇಕು. ತಪ್ಪು ಯಾರ್ದು ಅಂತ" ಎಂದರು ಕೋಚ್.

"ಯಾರ್ದು ಅಂತ ನಾನು ಹೇಳಕ್ಕಾಗಲ್ಲಪ್ಪ. ಏನ್ ತಪ್ಪು ಅಂತ ಹೇಳ್ಬಹುದು."

"ಯಾರ್ದು ಅಂತ ನಮಗೆ ಗೊತ್ತು ಬಿಡಿ. ಸ್ಟೋರ್‌ನವನ್ದು. ಪ್ರೂಫ್ ಬೇಕು ಅಷ್ಟೇ."

ಸ್ಟೋರ್‌ನವನು ಎಂದರೆ ಬನಶಂಕರಿ ಕಡೆಯ ಆ ಕ್ಲಬ್ಬಿನಲ್ಲಿ ಗುಂಡಿನ ಬೀರು, ಬಂದೂಕಿನ ಬೀರು ಎರಡರ ಬೀಗದಕೈ ಇಟ್ಟುಕೊಂಡವನು. ಐವತ್ತು ದಾಟಿದ ಮನುಷ್ಯ. ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರ ಗನ್ನುಗಳನ್ನೂ ಒರೆಸಿ ಒಳಗಿಡುವವನೂ ಅವನೇ. ಹಿಂದಿನ ವಾರದ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಹುಡುಗಿಯ ಪಿಸ್ತೂಲು ಮೂರು ಸಲ ಜಾಮ್ ಆಗಿ, ತಂಡದಲ್ಲಿ ಅವಳ ಜಾಗ ಹೋಗಿತ್ತು. ಅವನು ಕೊಟ್ಟ ಗುಂಡು ಕೆಟ್ಟಿತ್ತು ಅಥವಾ ಅವನು ಕ್ಲೀನ್ ಮಾಡಿದ್ದು ಕೆಟ್ಟಿತ್ತು ಎಂದು ನನ್ನ ರಿಪೋರ್ಟು ಹೇಳಿದರೆ ಸಾಕು, ಸೋಮವಾರದಿಂದ ಅವನು ಮನೆಯಲ್ಲಿ.

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಹುಟ್ಟಾ ಅನುಮಾನದವಳು. ಹಾಲಿನ ಪ್ಯಾಕೆಟ್ಟನ್ನು ಒತ್ತಿ ನೋಡದೆ ತೆಗೆದುಕೊಂಡವಳಲ್ಲ. ಆಟೋದವನು ಕೇಳದೆಯೇ ಮೀಟರ್ ಹಾಕಿದರೆ ಮೀಟರಿನ ಮೇಲೇ ಅನುಮಾನ ಬರುತ್ತದೆ. ಬಂದೂಕು ರಿಪೇರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ ಎಂದು ನನ್ನ ಯಜಮಾನರು ಹೇಳುತ್ತಿದ್ದರು. ಅವರು ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ಅವರ ಪಕ್ಕದ ಸ್ಟೂಲಿನಲ್ಲಿ ಕೂತು ಕಲಿತ ಕೈ ಹೇಗೂ ಇತ್ತು. ಈ ಪಿಸ್ತೂಲು ಕೂಡ ಒಮ್ಮೆ, ಗುರಿ ಹಿಡಿಯುವ ಮುಂದಿನ ಸೈಟ್ ಸಡಿಲ ಎಂದು, ನನ್ನ ಹತ್ತಿರ ಬಂದು ಹೋಗಿತ್ತು. ಆ ಕೆಲಸ ಚೊಕ್ಕವಾಗಿತ್ತೆಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡು, ಅನುಮಾನದ ಪಟ್ಟಿಯಲ್ಲಿ ನನ್ನ ಹೆಸರೊಂದನ್ನು ಬಿಟ್ಟು ಮಿಕ್ಕ ಎಲ್ಲರನ್ನೂ ಬರೆದುಕೊಂಡೆ.

ಮೊದಲು ಹುಡುಗಿಯನ್ನು ಹಿಡಿದೆ.

"ಜಾಮ್ ಆದಾಗ ಏನ್ ಕಾಣ್ತು? ಖಾಲಿ ಕೇಸು ಕಿಟಕೀಲಿ ನಿಂತ್ಕೊಂಡಿತ್ತಾ, ಒಳಗೇ ಇತ್ತಾ?"

"ಒಳಗೇ ಅಜ್ಜಿ. ಅದ್ರ ಹಿಂದೆ ಮುಂದಿನ್ ಗುಂಡು ಬಂದು ಗುದ್ಕೊಂಡಿರೋದು."

ಇದು ಮುಖ್ಯ. ಇಂಥ ಪಿಸ್ತೂಲಿನಲ್ಲಿ ಗುಂಡು ಹಾರಿದ ಕೂಡಲೇ ಮೇಲಿನ ಸ್ಲೈಡು ಹಿಂದಕ್ಕೆ ಜಾರುತ್ತದೆ. ಅದರ ಬಲಗಡೆ ಉಗುರಿನ ತುದಿಯಷ್ಟು ಚಿಕ್ಕ ಕೊಕ್ಕೆಯೊಂದಿದೆ. ಎಕ್ಸ್‌ಟ್ರ್ಯಾಕ್ಟರ್ ಎನ್ನುತ್ತಾರೆ. ಅದು ಖಾಲಿ ಕೇಸಿನ ಅಂಚನ್ನು ಹಿಡಿದು, ಗುಂಡು ಕೂರುವ ಚೇಂಬರಿನಿಂದ ಎಳೆದು ತರಬೇಕು, ಆಮೇಲೆ ಒಳಗಿನ ಒಂದು ಮೊಳೆ ಅದನ್ನು ಸ್ಲೈಡಿನ ಪಕ್ಕದ ಕಿಟಕಿಯಿಂದಾಚೆ ಒದೆಯಬೇಕು. ಕೇಸು ಕಿಟಕಿಯವರೆಗೆ ಬಂದು ಸಿಕ್ಕಿಕೊಂಡರೆ ಒದೆಯುವುದರಲ್ಲಿ ದೋಷ. ಒಳಗೇ ಉಳಿದರೆ ಕೊಕ್ಕೆ ಹಿಡಿದಿಲ್ಲ, ಇಲ್ಲವೇ ಚೇಂಬರು ಬಿಟ್ಟಿಲ್ಲ.

"ಮನೇಲಿ ಗುಂಡಿಲ್ದೆ ಸುಮ್ನೆ ಟ್ರಿಗರ್ ಒತ್ತಿ ಪ್ರಾಕ್ಟೀಸ್ ಮಾಡ್ತೀಯಾ?"

"ಇಲ್ಲ ಅಜ್ಜಿ."

ತೀರಾ ಬೇಗ ಬಂದ ಉತ್ತರ. ಹುಡುಗಿಯ ಹೆಸರಿನ ಮುಂದೆ ಮನಸ್ಸಿನಲ್ಲೇ ಒಂದು ಗೀಟು ಎಳೆದೆ.

ಅವರು ಹೋದ ಮೇಲೆ ಮೊಸರಿನ ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಅಕ್ಕಿ ಆರಿಸುವ ಹಾಗೆ ಕೇಸುಗಳನ್ನು ಆರಿಸಿದೆ. ಜಾಮ್ ಆಗಿದ್ದ ಕೇಸುಗಳನ್ನು ಹುಡುಗಿ ಬುದ್ಧಿವಂತಿಕೆಯಿಂದ ಬೇರೆ ಪೊಟ್ಟಣ ಕಟ್ಟಿದ್ದಳು. ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಸರಿಯಾಗಿ ಹಾರಿ ಬಿದ್ದ ಕೇಸುಗಳ ಅಂಚಿನಲ್ಲಿ ಕೊಕ್ಕೆ ಕಚ್ಚಿದ ಸಣ್ಣ ಗೀರು ಇತ್ತು. ಪೊಟ್ಟಣದ ಕೇಸುಗಳಲ್ಲಿ ಗೀರೇ ಇಲ್ಲ, ಒಂದೆರಡರಲ್ಲಿ ಜಾರಿ ಹೋದ ಮಬ್ಬು ಗುರುತು. ಯಾವ ಕೇಸೂ ಉಬ್ಬಿರಲಿಲ್ಲ, ಸೀಳಿರಲಿಲ್ಲ. ಮೈಗೆ ಹೊಗೆ ಅಂಟಿರಲಿಲ್ಲ. ಎಂದರೆ ಗುಂಡಿನ ಮದ್ದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ಆದರೂ ಚೇಂಬರನ್ನು ಬಿಡಲಿಲ್ಲ. ಕಂಚಿನ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಟಾರ್ಚ್ ಬಿಟ್ಟು ನೋಡಿದರೆ ಬಾಯಂಚಿನಲ್ಲಿ ಪಿನ್ನು ಬಡಿದ ಸಣ್ಣ ಗುರುತು ಕಂಡಿತು. ಸಿಕ್ಕಿಬಿದ್ದಳಲ್ಲ ಕಳ್ಳಿ! ಮನೆಯಲ್ಲಿ ಖಾಲಿ ಟ್ರಿಗರ್ ಒತ್ತುತ್ತಾಳೆ. ಗುಂಡಿಲ್ಲದಾಗ ಪಿನ್ನು ಚೇಂಬರಿನ ಅಂಚಿಗೇ ಬಡಿಯುತ್ತದೆ, ಅಂಚು ಉಬ್ಬಿದರೆ ಕೇಸು ಒಳಗೇ ಕಚ್ಚಿಕೊಳ್ಳುತ್ತದೆ. ಆದರೆ ಒಂದು ಖಾಲಿ ಕೇಸನ್ನು ಬೆರಳಲ್ಲಿ ಒಳಕ್ಕೆ ತಳ್ಳಿ ಬ್ಯಾರಲ್ಲನ್ನು ಮೇಲೆ ಮಾಡಿದೆ. ಅದು ತಾನಾಗಿಯೇ ಜಾರಿ ಅಂಗೈಗೆ ಬಿತ್ತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಬಿತ್ತು. ಹುಡುಗಿ ಸುಳ್ಳು ಹೇಳಿದ್ದು ನಿಜ, ಜಾಮಿಗೆ ಆ ಸುಳ್ಳು ಕಾರಣವಲ್ಲ.

ಮಂಗಳವಾರ ಪಿಸ್ತೂಲಿನ ಪೆಟ್ಟಿಗೆಯೊಂದಿಗೆ ಆಟೋ ಹಿಡಿದು ಕ್ಲಬ್ಬಿಗೆ ಹೋದೆ. ಗುಂಡಿನ ಮೇಲೆ ಅನುಮಾನ ಇದ್ದರೆ ಹಾರಿಸಿಯೇ ನೋಡಬೇಕು, ಅದನ್ನು ಅಂಗಡಿಯಲ್ಲಿ ಮಾಡುವ ಹಾಗಿಲ್ಲ. ಸ್ಟೋರ್ ಎಂಬುದು ಕಬ್ಬಿಣದ ಬಾಗಿಲಿನ ಚಿಕ್ಕ ಕೋಣೆ. ಒಳಗೆ ದೇವಿಯ ದೊಡ್ಡ ಫೋಟೋ, ಅದಕ್ಕೆ ಚೆಂಡುಹೂವಿನ ಹಾರ, ಮುಂದೆ ಅರಿಶಿನ ಕುಂಕುಮದ ಎರಡು ಸ್ಟೀಲ್ ಬಟ್ಟಲು. ಬೀರುವಿನ ಬಾಗಿಲಿಗೆ ಮೂರು ಪಟ್ಟೆ ಅರಿಶಿನ. ಸ್ಟೋರ್‌ನವನ ಹಣೆಯಲ್ಲಿ ನಾಲ್ಕಾಣೆಯಗಲದ ಕುಂಕುಮ. ಅವನು ನನ್ನನ್ನು ನೋಡಿ ನಕ್ಕ, ನಾನು ನಗಲಿಲ್ಲ. ತಪಾಸಣೆಗೆ ಬಂದವರು ನಗಬಾರದು.

"ಗುಂಡಿನ ಡಬ್ಬಿ ಎಲ್ಲಿಡ್ತೀಯಪ್ಪ? ತೇವ ಗೀವ ಇದ್ಯಾ?"

"ಮುಟ್ಟಿ ನೋಡಿ ಅಮ್ಮ. ನನ್ ಮನೇಗಿಂತ ಒಣಗಿದೆ ಇಲ್ಲಿ. ಸುದ್ದಗುಂಟೆಪಾಳ್ಯದಲ್ಲಿ ನಮ್ ಗೋಡೆ ನೋಡಿದ್ರೆ ಅಳ್ತೀರಾ."

ಮುಟ್ಟಿ ನೋಡಿದೆ. ಒಣಗಿಯೇ ಇತ್ತು. ಅವನ ಬೀರುವಿನಿಂದ ಒಂದು ಡಬ್ಬಿ ಗುಂಡು, ಬೇರೆ ಸದಸ್ಯರು ತಾವೇ ತಂದಿಟ್ಟುಕೊಂಡಿದ್ದ ಬೇರೆ ಕಂಪನಿಯದು ಒಂದು ಡಬ್ಬಿ ತೆಗೆದುಕೊಂಡೆ. ಹುಡುಗಿ ಎರಡರಿಂದಲೂ ಮೂವತ್ತು ಮೂವತ್ತು ಹಾರಿಸಿದಳು. ಪ್ರತಿ ಗುಂಡಿಗೂ ನಾನು ಕಾಗದದಲ್ಲಿ ಗೀಟು ಹಾಕಿದೆ. ಸ್ಟೋರಿನ ಗುಂಡಿನಲ್ಲಿ ಮೂರು ಜಾಮ್, ಬೇರೆಯದರಲ್ಲಿ ನಾಲ್ಕು.

"ಹಂಗಾದ್ರೆ ಗುಂಡಲ್ಲ. ಕ್ಲೀನ್ ಮಾಡಿದ್ರಲ್ಲೇ ಇದೆ ತಪ್ಪು" ಎಂದರು ಕೋಚ್, ಒಂದು ಉಸಿರೂ ಬಿಡದೆ.

ಈಗ ಕೋಚ್ ಮೇಲೂ ಅನುಮಾನ ಬಂತು. ಒಂದು ಬಾಗಿಲು ಮುಚ್ಚುತ್ತಲೇ ಇನ್ನೊಂದನ್ನು ಇಷ್ಟು ಬೇಗ ತೆರೆಯುವುದೇಕೆ? ಹೊರಗೆ ಬಂದಾಗ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಕೋಚ್ ಸಾರ್ ಭಾಮೈದ ಇದಾರಲ್ಲ ಅಜ್ಜಿ, ಅವ್ರು ದಿನಾ ಬಂದು ಕೂತ್ಕೋತಾರೆ. ಸ್ಟೋರ್ ಕೆಲ್ಸ ಖಾಲಿ ಆದ್ರೆ ಅವ್ರಿಗಂತೆ."

"ನಿಂಗ್ಯಾರು ಹೇಳಿದ್ದು?"

"ಎಲ್ರಿಗೂ ಗೊತ್ತು."

ಆಟೋದಲ್ಲಿ ಮರಳುವಾಗ ತಲೆಯೊಳಗೆ ದೊಡ್ಡ ಪಿತೂರಿಯನ್ನೇ ಕಟ್ಟಿದ್ದೆ. ಅದಕ್ಕೆ ಬೇಕಾದ ಪುರಾವೆ ಮಾತ್ರ ಒಂದೂ ಇರಲಿಲ್ಲ.

ಬುಧವಾರ ಕೊಕ್ಕೆಗೆ ಕೈ ಹಾಕಿದೆ. ಸ್ಲೈಡನ್ನು ಬಿಚ್ಚಿ, ಖಾಲಿ ಕೇಸೊಂದನ್ನು ಕೊಕ್ಕೆಯ ಕೆಳಗೆ ಸಿಕ್ಕಿಸಿ ಮೆಲ್ಲಗೆ ಅಲ್ಲಾಡಿಸಿದೆ. ಆರೋಗ್ಯವಾಗಿದ್ದರೆ ಕೇಸು ಅಲ್ಲೇ ಅಂಟಿಕೊಂಡು ನಿಲ್ಲಬೇಕು. ಇದು ಟಪ್ ಎಂದು ಬಿತ್ತು. ಹಲ್ಲುಕಡ್ಡಿಯಿಂದ ಕೊಕ್ಕೆಯನ್ನು ಹೊರಕ್ಕೆ ಒತ್ತಿ ಬಿಟ್ಟೆ. ಇಲಿಬೋನಿನ ಬಾಗಿಲಿನ ಹಾಗೆ ಚಟ್ಟನೆ ಮುಚ್ಚುವ ಬದಲು ಸೋಮಾರಿಯ ಹಾಗೆ ವಾಪಸ್ಸಾಯಿತು. ಸ್ಪ್ರಿಂಗ್ ಸೋತಿದೆ ಎಂದುಕೊಂಡೆ. ಸಣ್ಣ ಸ್ಕ್ರೂಡ್ರೈವರಿನಿಂದ ಹಿಂದಿನ ಕಡ್ಡಿಯನ್ನು ಒತ್ತಿ ಹಿಡಿದು ಕೊಕ್ಕೆಯನ್ನು ಹೊರತೆಗೆದೆ. ಅದು ಕೂರುವ ಕಿಂಡಿಯನ್ನು ಸೀಮೆಎಣ್ಣೆ ಹಾಕಿ ಉಜ್ಜಿದೆ. ಒಳಗೆಲ್ಲ ಕಪ್ಪಗೆ, ಗಟ್ಟಿಯಾಗಿ, ಲೋಹದ ಹಾಗೇ ಕಂಡಿತು. ಹೊಸ ಸ್ಪ್ರಿಂಗ್ ಹಾಕಿದೆ. ಕೊಕ್ಕೆ ಚಟ್ಟೆಂದಿತು. ಕೇಸು ನಿಂತಿತು. ಎರಡು ಸಲ ಬಿತ್ತು, ಎಂಟು ಸಲ ನಿಂತಿತು. ಆ ಎರಡನ್ನು ನನ್ನ ಕೈ ನಡುಕಕ್ಕೆ ಜಮಾ ಮಾಡಿ ಹುಡುಗಿಗೆ ಪಿಸ್ತೂಲು ಕೊಟ್ಟು ಕಳಿಸಿದೆ.

ಗುರುವಾರ ಬೆಳಿಗ್ಗೆ ಫೋನು.

"ಅಜ್ಜಿ, ಹದಿನಾಲ್ಕನೇ ಗುಂಡಿಗೆ ಮತ್ತೆ ಜಾಮ್."

ಆ ಎರಡು ಸಲ ಕೇಸು ಬಿದ್ದಾಗಲೇ ಕೈ ತಡೆಯಬೇಕಿತ್ತು. ಲೋಕದ ಮೇಲೆಲ್ಲ ಅನುಮಾನ ಪಡುವವಳು ನನ್ನ ಕಣ್ಣೆದುರು ಬಿದ್ದ ಕೇಸಿನ ಮೇಲೆ ಪಡಲಿಲ್ಲ.

ಪಿಸ್ತೂಲು ಮತ್ತೆ ಮೇಜಿಗೆ ಬಂತು. ಈ ಸಲ ಅವಸರ ಮಾಡಲಿಲ್ಲ. ಸ್ಪ್ರಿಂಗ್ ಹೊಸದು, ಆದರೂ ಕೊಕ್ಕೆ ಅಂಚಿನವರೆಗೆ ತಲುಪುತ್ತಿಲ್ಲ ಎಂದರೆ ಅದನ್ನು ಏನೋ ತಡೆಯುತ್ತಿದೆ. ಎಲ್ಲಿ ತಡೆಯುತ್ತಿದೆ ಎಂದು ತಿಳಿಯಲು ಕಾಡಿಗೆ ಡಬ್ಬಿ ತಂದೆ. ಕೊಕ್ಕೆಯ ಒಳಮೈಗೆಲ್ಲ ತೆಳ್ಳಗೆ ಕಾಡಿಗೆ ಸವರಿ, ಜಾಗದಲ್ಲಿ ಕೂರಿಸಿ, ನಾಲ್ಕೈದು ಸಲ ಆಡಿಸಿ ಹೊರತೆಗೆದೆ. ಎಲ್ಲೆಲ್ಲಿ ಉಜ್ಜಿದೆಯೋ ಅಲ್ಲಿ ಕಾಡಿಗೆ ಅಳಿಸಿರುತ್ತದೆ. ಮೂತಿಯ ಕಡೆ ಅಳಿಸಿರಲೇ ಇಲ್ಲ. ಹಿಮ್ಮಡಿಯ ಕಡೆ ಒಂದು ಚುಕ್ಕೆಯಷ್ಟು ಜಾಗ ಮಾತ್ರ ಬೋಳಾಗಿತ್ತು. ಕೊಕ್ಕೆಯ ಹಿಮ್ಮಡಿ ಯಾವುದೋ ದಿಬ್ಬದ ಮೇಲೆ ಕೂತಿತ್ತು. ಹಿಂದಿನ ದಿನ ನಾನು ಲೋಹ ಎಂದುಕೊಂಡ ಕಪ್ಪು, ಲೋಹವಾಗಿರಲಿಲ್ಲ.

ಸೂಜಿಯ ಹಿಂಬದಿಯಿಂದ ಮೆಲ್ಲಗೆ ಎಬ್ಬಿಸಿದೆ. ಸಾಸಿವೆಯ ಅರ್ಧದಷ್ಟು ಒಂದು ಹಕ್ಕಳೆ ಎದ್ದು ಬಂತು. ಮೇಲೆ ಹೊಗೆಯ ಕಪ್ಪು, ಮುರಿದ ಕಡೆ ಕಂದು. ಬಿಳಿ ತಟ್ಟೆಯ ಮೇಲಿಟ್ಟು ಸೀಮೆಎಣ್ಣೆ ಬಿಟ್ಟೆ. ಜಪ್ಪಯ್ಯ ಎಂದರೂ ಕರಗಲಿಲ್ಲ. ಸುಟ್ಟ ಮದ್ದು, ಗುಂಡಿನ ಮೇಣ, ಹಳೆಯ ಎಣ್ಣೆ ಯಾವುದಾದರೂ ಸ್ವಲ್ಪವಾದರೂ ಸಡಿಲಬೇಕಿತ್ತು. ಇನ್ನೊಂದು ಚೂರಿಗೆ ಬಿಸಿನೀರು ಬಿಟ್ಟೆ. ಮೆತ್ತಗಾಯಿತು, ಸುತ್ತ ಹಳದಿ ಬಿಟ್ಟುಕೊಂಡಿತು. ನೀರಿಗೆ ಕರಗುವ ಕೊಳೆ ಪಿಸ್ತೂಲಿನಲ್ಲಿ ಹುಟ್ಟುವುದಿಲ್ಲ, ಹೊರಗಿನಿಂದ ಬರಬೇಕು. ಬಟ್ಟೆ ತೊಳೆಯುವ ಸೋಪನ್ನು ಬೆರಳಿನಲ್ಲಿ ಉಜ್ಜಿ ಆ ಹಳದಿಗೆ ಮುಟ್ಟಿಸಿದೆ.

ಕೆಂಪಾಯಿತು.

ಹಬ್ಬದ ಮಾರನೇ ದಿನ ಬಟ್ಟೆ ಒಗೆದ ಯಾವ ಹೆಂಗಸಿಗೂ ಇದು ಏನೆಂದು ಹೇಳಿಕೊಡಬೇಕಿಲ್ಲ. ಅರಿಶಿನ.

ಪಿಸ್ತೂಲಿಗೆ ಅರಿಶಿನ ಯಾರು ಇಡುತ್ತಾರೆ? ಮೊದಲು ಹೊಳೆದದ್ದು ಮಾಟ. ಹುಡುಗಿಯ ಜೊತೆ ಸ್ಪರ್ಧಿಸುವ ಇನ್ನೊಬ್ಬಳ ತಾಯಿಯ ಮುಖವೂ ಕಣ್ಮುಂದೆ ಬಂದು ಹೋಯಿತು, ಪಾಪ, ಆಕೆಯನ್ನು ಒಂದು ಸಲ ಮಾತ್ರ ನೋಡಿದ್ದೆ. ಅಷ್ಟರಲ್ಲಿ ಸ್ಟೋರಿನ ಫೋಟೋ, ಬಟ್ಟಲು, ಬೀರುವಿನ ಮೂರು ಪಟ್ಟೆ ನೆನಪಾದವು. ಆಯುಧಪೂಜೆ! ಕೂಡಲೇ ಫೋನ್ ತೆಗೆದೆ. ವಾಟ್ಸಾಪಿನಲ್ಲಿ ಕನ್ನಡ ಟೈಪ್ ಮಾಡಲು ಕಲಿತು ಎರಡು ತಿಂಗಳಾಗಿತ್ತು. ಹೊಸ ವಿದ್ಯೆ, ತೋರಿಸಿಕೊಳ್ಳುವ ಚಪಲ. ಒಂದೇ ಬೆರಳಿನಲ್ಲಿ ಕುಟ್ಟಿ ಕೋಚ್‌ಗೆ ಕಳಿಸಿದೆ: "ಕೊಕ್ಕೆ ಕಿಂಡಿಯಲ್ಲಿ ಅರಿಶಿನ ಸಿಕ್ಕಿದೆ. ಪೂಜೆ ಮಾಡಿದವನದೇ ತಪ್ಪು."

ಅವರು ಅದನ್ನು ಕಮಿಟಿಯ ಗುಂಪಿಗೆ ಹಾಕಿದ್ದಾರೆಂದು ಮಧ್ಯಾಹ್ನ ಹುಡುಗಿಯಿಂದ ತಿಳಿಯಿತು. ರಿಪೋರ್ಟಿಗೆ ಮೊದಲೇ ತೀರ್ಪು ಹೋಗಿತ್ತು, ಅದೂ ನನ್ನ ಫೋನಿನಿಂದ.

ಕಿಂಡಿಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆಯ ಹನಿ ಮುಟ್ಟಿಸಿ ಕೊಕ್ಕೆ ಕೂರಿಸಿದೆ. ಕೇಸು ಇಪ್ಪತ್ತು ಸಲಕ್ಕೆ ಇಪ್ಪತ್ತು ಸಲವೂ ನಿಂತಿತು. ಕೆಲಸ ಮುಗಿದಿತ್ತು. ಆದರೂ ಶುಕ್ರವಾರ ಬೆಳಿಗ್ಗೆ ಕ್ಲಬ್ಬಿಗೆ ಹೋದೆ. ಅವನ ಬಾಯಿಂದಲೇ ಒಪ್ಪಿಸಬೇಕೆಂಬ ಹಟ.

ಸ್ಟೋರ್‌ನವನು ಈ ಸಲ ನಗಲಿಲ್ಲ. ಮೆಸೇಜು ಅವನವರೆಗೂ ಬಂದಿತ್ತು.

"ಬನ್ನಿ ಅಮ್ಮ. ನಾಳೆ ತನಕ ತಡೆಯಕ್ಕಾಗ್ಲಿಲ್ವಾ?"

"ಆಯುಧಪೂಜೆ ದಿನ ಏನೇನ್ ಮಾಡ್ದೆ ಹೇಳು."

"ಬೀರೂಗೆ ಅರಿಶಿನ ಕುಂಕುಮ ಇಟ್ಟೆ. ಬೂದುಗುಂಬಳಕಾಯಿ ಒಡ್ದೆ. ಎಲ್ರಿಗೂ ಕಡ್ಲೆಪುರಿ ಕೊಟ್ಟೆ. ಅದೂ ತಪ್ಪಾ?"

"ಗನ್ನುಗಳಿಗೆ?"

"ಗನ್ನಿಗೆ ನಾನು ಮುಟ್ಸಲ್ಲ ಅಮ್ಮ."

"ಆಹಾ! ದೇವ್ರ ಫೋಟೋಗೆ ಇಷ್ಟು ಮಾಡೋನು ಗನ್ನಿಗೆ ಬಿಡ್ತೀಯಾ?"

"ನಿಮ್ ಯಜಮಾನ್ರು ಇದ್ದಾಗ ಒಂದ್ಸಲ ಇಟ್ಟಿದ್ದೆ. ರೈಫಲ್ ಒಳಗೆ ಹೋಗಿ ಕಚ್ಕೊಂಡ್ಬಿಡ್ತು. ಬಿಚ್ಚಿ ಕ್ಲೀನ್ ಮಾಡಿ, ಇಡೀ ರೇಂಜಿಗೆ ಕೇಳೋ ಹಂಗೆ ಬೈದ್ರು. 'ಪೂಜೆ ಪೆಟ್ಗೆಗೆ ಮಾಡೋ, ಒಳಗಿರೋದಕ್ಕೆ ಎಣ್ಣೆ ಹಾಕೋ' ಅಂದ್ರು. ಅವತ್ತಿಂದ ಪೆಟ್ಗೆ ಮೇಲೆ ಒಂದು ಸೇವಂತಿಗೆ ಇಡ್ತೀನಿ, ಅಷ್ಟೇ."

ಅವನು ಕಬ್ಬಿಣದ ಮೇಜಿನಿಂದ ಉದ್ದನೆಯ ರಿಜಿಸ್ಟರ್ ಎತ್ತಿಕೊಂಡ. ಯಾವ ಗನ್ನು ಯಾವತ್ತು ಹೊರಗೆ ಹೋಯಿತು, ಯಾವತ್ತು ಬಂತು ಎಂದು ಬರೆಯುವ ರಿಜಿಸ್ಟರ್. ಬೆರಳು ನೆಕ್ಕಿ ಹಾಳೆ ತಿರುವಿ ನನ್ನ ಮುಂದೆ ತಳ್ಳಿದ.

"ಅದೂ ಅಲ್ದೆ ಹಬ್ಬದ ದಿನ ಆ ಪಿಸ್ತೂಲು ಇಲ್ಲಿರ್ಲೇ ಇಲ್ಲ. ಹಬ್ಬಕ್ಕೆ ಎರಡು ದಿನ ಮುಂಚೆ ಹೋಗಿದೆ, ಹಬ್ಬ ಆಗಿ ಎರಡು ದಿನಕ್ಕೆ ಬಂದಿದೆ. ನೋಡಿ. ನಿಮ್ ಸೈನೇ ತಾನೆ?"

ನನ್ನ ಸೈನೇ. ಎರಡು ಕಡೆಯೂ. ಮುಂದಿನ ಸೈಟ್ ಸರಿಮಾಡಿ ಕೊಟ್ಟದ್ದು ಆ ವಾರ.

ಯಜಮಾನರ ಕಾಲದಲ್ಲಿ ನಮ್ಮ ಅಂಗಡಿಯ ಆಯುಧಪೂಜೆ ಎಂದರೆ ಕಬ್ಬಿಣ ಕಚ್ಚಿ ಹಿಡಿಯುವ ವೈಸಿಗೆ ಒಂದು ಹಾರ, ಸುತ್ತಿಗೆಗೆ ಒಂದು ಬೊಟ್ಟು. ಅವರು ಹೋದ ಮೇಲೆ ಪೂಜೆ ನನ್ನ ಕೈಗೆ ಬಂತು. ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ನಾನು ಎಲ್ಲಕ್ಕೂ ಇಡಲು ಶುರು ಮಾಡಿದೆ. ರಿಪೇರಿಗೆ ಬಂದ ಬಂದೂಕುಗಳನ್ನೂ ಸಾಲಾಗಿ ಜೋಡಿಸಿ, ಗಂಧದಲ್ಲಿ ಕಲಸಿದ ಅರಿಶಿನವನ್ನು ಉಂಗುರದ ಬೆರಳಿನಲ್ಲಿ ಒಂದೊಂದು ಬೊಟ್ಟು. ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಒರೆಸಿದೆ ಎಂದುಕೊಂಡಿದ್ದು ಒಳಕ್ಕೆ ತಳ್ಳಿದ್ದಾಗಿತ್ತು.

ಬಸ್ಸಿನಲ್ಲಿ ಜಯನಗರಕ್ಕೆ ವಾಪಸ್ಸು ಬರುವಾಗಲೂ ಅನುಮಾನ ಬಿಡಲಿಲ್ಲ. ನನ್ನ ಮೇಲೆ ಬಂದದ್ದನ್ನು ಅಷ್ಟು ಸುಲಭವಾಗಿ ನಂಬುವವಳಲ್ಲ ನಾನು. ಒಂದು ಬೊಟ್ಟು ಇಷ್ಟೆಲ್ಲ ಮಾಡುತ್ತದೆಯೇ? ಅಂಗಡಿಯ ಡ್ರಾಯರಿನಲ್ಲಿ ಅದೇ ಜಾತಿಯ ಪಿಸ್ತೂಲಿನ ಒಂದು ಸೀಳುಬಿಟ್ಟ ಸ್ಲೈಡು ಬಿದ್ದಿತ್ತು, ಕೊಕ್ಕೆ ಮಾತ್ರ ಚೆನ್ನಾಗಿತ್ತು. ಕೇಸು ಸಿಕ್ಕಿಸಿ ನೋಡಿದೆ, ನಿಂತಿತು. ಪೂಜೆಯ ಬಟ್ಟಲಿನಿಂದಲೇ ಗಂಧ ಅರಿಶಿನ ಕಲಸಿ, ಕೈ ತಾನಾಗಿ ಹೋದ ಕಡೆ ಬೊಟ್ಟಿಟ್ಟೆ. ಸ್ಲೈಡಿನ ಬಲಮಗ್ಗುಲು, ಕಿಟಕಿಯ ಪಕ್ಕ, ಸರಿಯಾಗಿ ಕೊಕ್ಕೆಯ ಮೇಲೆ. ಬಲಗೈಯವರು ಪಿಸ್ತೂಲನ್ನು ತಟ್ಟೆಯಲ್ಲಿಟ್ಟರೆ ಬೆರಳು ಹೋಗುವ ಜಾಗವೇ ಅದು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೇಲೆ ಲಕಲಕ ಎಂದಿತು. ಹಳೆಯ ನೂರು ಕ್ಯಾಂಡಲ್ ಬಲ್ಬಿನ ಕೆಳಗೆ ಊಟ ಮುಗಿಯುವವರೆಗೂ ಇಟ್ಟೆ. ಆಮೇಲೆ ಕೇಸು ಸಿಕ್ಕಿಸಿ ಅಲ್ಲಾಡಿಸಿದೆ.

ಟಪ್.

ಮತ್ತೆ ಸಿಕ್ಕಿಸಿದೆ. ಟಪ್. ಹತ್ತಕ್ಕೆ ನಾಲ್ಕು ಬಿದ್ದವು. ಇದರ ಮೇಲೆ ದಿನಾ ನೂರು ಗುಂಡಿನ ಹೊಗೆ ಕೂತರೆ ಏನಾಗುತ್ತದೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ.

ಅಂಗಡಿಯ ಕಾಗದಪತ್ರ ನೋಡಿಕೊಳ್ಳುವವಳು ನನ್ನ ಸೊಸೆ. ಪ್ರತಿ ವರ್ಷ ಲೈಸೆನ್ಸ್ ಫೈಲು ಹಿಡಿದು ಕಚೇರಿ ಅಲೆಯುವವಳೂ ಅವಳೇ. ಎಲ್ಲವನ್ನೂ ಹೇಳಿದೆ. ಅವಳು ಸ್ಲೈಡನ್ನು ನೋಡಿದಳು, ನನ್ನನ್ನು ನೋಡಿದಳು.

"ಅತ್ತೆ, 'ಕೊಕ್ಕೆ ಕಿಂಡಿಯಲ್ಲಿ ಕೊಳೆ ಸೇರಿತ್ತು, ತೆಗೆಯಲಾಗಿದೆ' ಅಂತ ಬರ್ದು ಸೈನ್ ಹಾಕಿ. ಅದೇನ್ ಸುಳ್ಳಲ್ವಲ್ಲ?"

"ಸುಳ್ಳಲ್ಲ."

"ಮತ್ತಿನ್ನೇನು? ನಾಳೆ ಇದೇ ಕಾಗ್ದ ಎತ್ಕೊಂಡು ಹೋಗಿ ಯಾರಾದ್ರೂ ಲೈಸೆನ್ಸ್ ಮೇಲೆ ಕಂಪ್ಲೇಂಟ್ ಕೊಟ್ರೆ? ಆಮೇಲೆ ಷಟರ್ ಎಳ್ಕೊಂಡು ಮನೇಲಿ ಸೀರಿಯಲ್ ನೋಡ್ತೀರಾ?"

ಅವಳ ಮಾತಿನಲ್ಲಿ ಹುಳುಕಿರಲಿಲ್ಲ. ಫೋನ್ ತೆಗೆದು ಅವಳು ಹೇಳಿದಂತೆಯೇ ಟೈಪ್ ಮಾಡಿದೆ. ಒಂದೇ ಸಾಲು, ನೀಟಾಗಿ ಕಂಡಿತು. ಆಮೇಲೆ ಅದನ್ನು ಕೋಚ್ ಓದುವ ಹಾಗೆ ಓದಿದೆ. ಕೊಳೆ ಸೇರಿತ್ತು. ಕ್ಲೀನ್ ಮಾಡುವ ಕೆಲಸ ಯಾರದು? ಸ್ಟೋರ್‌ನವನದು. ಅದರ ಜೊತೆಗೆ ನಿನ್ನೆಯ ನನ್ನ ಮೆಸೇಜು. ನಾನು ಒಂದು ಅಕ್ಷರವೂ ಸುಳ್ಳು ಬರೆಯದೆ ಅವನನ್ನು ಮನೆಗೆ ಕಳಿಸಬಹುದಿತ್ತು.

ಅಳಿಸಿದೆ. ಒಂದೊಂದೇ ಅಕ್ಷರ ಅಳಿಸುವುದಕ್ಕೂ ಹೊತ್ತು ಹಿಡಿಯುತ್ತದೆ. ಸೊಸೆ ನನ್ನ ಬೆರಳನ್ನೇ ನೋಡುತ್ತಿದ್ದಳು.

"ಬರೀರಿ ಹೋಗ್ಲಿ" ಎಂದಳು ಕೊನೆಗೆ. "ಆದ್ರೆ ಕಾಗುಣಿತ ನಾನು ನೋಡ್ತೀನಿ. ಹೋಗೋ ಮಾನ ಸರಿಯಾದ್ ಕನ್ನಡದಲ್ಲಾದ್ರೂ ಹೋಗ್ಲಿ."

ಶನಿವಾರ ಪಿಸ್ತೂಲಿನ ಪೆಟ್ಟಿಗೆ ಹಿಡಿದು ಮೀಟಿಂಗಿಗೆ ನಾನೇ ಹೋದೆ. ಉದ್ದ ಮೇಜು, ಐದು ಜನ ಕಮಿಟಿಯವರು, ಗೋಡೆಗೊರಗಿ ಕೋಚ್, ಮೂಲೆಯಲ್ಲಿ ಹುಡುಗಿ, ಬಾಗಿಲ ಹತ್ತಿರ ಕೈಕಟ್ಟಿ ನಿಂತ ಸ್ಟೋರ್‌ನವನು. ಕಾರ್ಯದರ್ಶಿಗಳು ರಿಪೋರ್ಟ್ ಕೊಡಿ ಎಂದು ಕೈ ಚಾಚಿದರು. ನಾನು ಓದಿಯೇ ಕೊಡುತ್ತೇನೆ ಎಂದೆ.

"ಎಕ್ಸ್‌ಟ್ರ್ಯಾಕ್ಟರ್ ಕಿಂಡಿಯಲ್ಲಿ ಗಂಧ ಮತ್ತು ಅರಿಶಿನದ ಮಿಶ್ರಣ ಗಟ್ಟಿಯಾಗಿ ಕೊಕ್ಕೆ ಪೂರ್ತಿ ಮುಚ್ಚದಂತೆ ತಡೆದಿತ್ತು. ಇದನ್ನು ಆಯುಧಪೂಜೆಯ ದಿನ ನನ್ನ ಅಂಗಡಿಯಲ್ಲಿ ನಾನೇ ಹಚ್ಚಿದ್ದು. ಮಾರನೇ ದಿನ ಬಿಚ್ಚಿ ತೆಗೆಯದೆ ಮೇಲೆ ಮಾತ್ರ ಒರೆಸಿದ್ದೂ ನಾನೇ. ಆ ಕಿಂಡಿಯನ್ನು ಸ್ಟೋರಿನವರು ಬಿಚ್ಚುವ ಹಾಗಿಲ್ಲ, ಅದು ರಿಪೇರಿಯವರ ಕೆಲಸ. ಗುಂಡಿನಲ್ಲಿಯೂ ಅವರು ಕ್ಲೀನ್ ಮಾಡಿದ್ದರಲ್ಲಿಯೂ ದೋಷವಿಲ್ಲ. ಗುರುವಾರ ನಾನು ಕಳಿಸಿದ ಮೆಸೇಜು ತಪ್ಪು."

ಓದಿದ ಹಾಳೆಯನ್ನು ಕಾರ್ಯದರ್ಶಿಗಳ ಮುಂದಿಟ್ಟೆ.

"ಏನ್ ಅಮ್ಮಾವ್ರೇ ಇದು?" ಎಂದರು ಕೋಚ್. "ಮೊನ್ನೆ ಹಂಗಂದ್ರಿ, ಇವತ್ತು ಹಿಂಗಂತೀರಾ. ನಾವು ಯಾವ್ದನ್ನ ನಂಬೋದು?"

"ಸೈನ್ ಇರೋದನ್ನ ನಂಬಿ."

"ಇವ್ನೇನಾದ್ರೂ ಬಂದು ನಿಮ್ ಹತ್ರ ಅತ್ನಾ?"

"ಅಳಿಸ್ಬೇಕು ಅಂತ ಹೋಗಿದ್ದು ನಾನು. ಅವ್ರು ರಿಜಿಸ್ಟರ್ ತೋರಿಸಿದ್ರು. ನೀವೂ ಒಂದ್ಸಲ ತೆಗೆದು ನೋಡಿ."

ಕಾರ್ಯದರ್ಶಿಗಳು ರಿಜಿಸ್ಟರ್ ತರಿಸಿ ನೋಡಿದರು. ನನ್ನ ಸೈನಿನ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ಸ್ಟೋರಿನ ವಿಷಯ ಅಲ್ಲಿಗೆ ಮುಗಿಯಿತು ಎಂದರು. ಹಾಗೆಯೇ, ಮುಂದೆ ತೀರ್ಮಾನ ಆಗುವವರೆಗೆ ಕ್ಲಬ್ಬಿನ ಗನ್ನುಗಳನ್ನು ನನ್ನ ಅಂಗಡಿಗೆ ಕಳಿಸುವುದು ಬೇಡ ಎಂದೂ ಬರೆಸಿದರು. ಅದರಲ್ಲಿ ಅನ್ಯಾಯವೇನೂ ನನಗೆ ಕಾಣಲಿಲ್ಲ.

ಹುಡುಗಿ ಎದ್ದು ಬಂದಳು.

"ನನ್ ಜಾಗ ಹೋಯ್ತಲ್ಲ ಅಜ್ಜಿ."

"ಹೋಯ್ತು ಕಣಮ್ಮ. ನನ್ನಿಂದಾನೇ ಹೋಯ್ತು."

ಮನೆಯಲ್ಲಿ ಖಾಲಿ ಟ್ರಿಗರ್ ಒತ್ತುವ ವಿಷಯ ನನ್ನ ನಾಲಗೆಯ ತುದಿಯಲ್ಲಿತ್ತು, ನುಂಗಿಕೊಂಡೆ. ಅವಳು ಪೆಟ್ಟಿಗೆ ತೆಗೆದುಕೊಂಡು ಫೈರಿಂಗ್ ಪಾಯಿಂಟಿಗೆ ಹೋದಳು. ಐವತ್ತು ಹಾರಿಸಿದಳು. ನಾನು ಹಿಂದೆ ನಿಂತು ಎಣಿಸಿದೆ. ಐವತ್ತು ಕೇಸೂ ಬಲಗಡೆಗೆ ಹಾರಿ ಸಿಮೆಂಟಿನ ಮೇಲೆ ಕಿಣಿಕಿಣಿ ಎಂದವು. ಅವಳು ತಿರುಗಿ ನೋಡಲಿಲ್ಲ.

ಹೊರಡುವ ಮುನ್ನ ಸ್ಟೋರಿನ ಕಿಟಕಿಯ ಹತ್ತಿರ ಹೋದೆ. ಅವನು ಹುಡುಗಿಯ ಪಿಸ್ತೂಲನ್ನು ಒಳಗಿಡಲು ರಿಜಿಸ್ಟರ್ ಬಿಡಿಸುತ್ತಿದ್ದ.

"ರಿಪೋರ್ಟ್ ಒರಿಜಿನಲ್ ನಂಗೂ ಒಂದ್ ಬೇಕು ಅಮ್ಮ. ಜೆರಾಕ್ಸ್ ಬೇಡ. ಸೈನ್, ಸೀಲು ಎರಡೂ ಇರ್ಲಿ."

"ಸೋಮವಾರ ತಂದ್ಕೊಡ್ತೀನಿ."

"ನಿಲ್ಲಿ, ಹೋಗ್ಬೇಡಿ. ನಿಮ್ ಅಂಗಡಿಯಿಂದ ಬಂದಿದ್ದನ್ನ ಇನ್ಮೇಲೆ ನೋಡ್ದೇ ತಗೊಳಲ್ಲ ನಾನು. ನಿಮ್ ಎದುರಿಗೇ ನೋಡ್ಬಿಡ್ತೀನಿ."

ಮ್ಯಾಗಜಿನ್ ತೆಗೆದ. ಸ್ಲೈಡ್ ಹಿಂದಕ್ಕೆಳೆದು ಲಾಕ್ ಮಾಡಿದ. ಹೆಬ್ಬೆರಳಿನ ಉಗುರಿನಿಂದ ಕೊಕ್ಕೆಯನ್ನು ಒತ್ತಿ ಬಿಟ್ಟ. ಚಟ್ಟೆಂದಿತು. ಅವನಿಗೆ ಸಾಲಲಿಲ್ಲ. ಮತ್ತೆ ಒತ್ತಿದ. ಕಣ್ಣಿನ ಹತ್ತಿರ ತಂದು ಕಿಂಡಿಯೊಳಗೆ ಇಣುಕಿದ. ಬೆಳಕು ಸಾಲದೆ ಮೇಜಿನ ಮೇಲಿ‌ದ್ದ ಟಾರ್ಚನ್ನು ಕಿಟಕಿಯಿಂದಾಚೆ ನನ್ನ ಕಡೆ ಚಾಚಿದ.

"ಹಿಡ್ಕೊಳಿ. ಇನ್ನೂ ಸ್ವಲ್ಪ ಹತ್ರ. ಅಲ್ಲಾಡಿಸ್ಬೇಡಿ."

ನಾನು ಅಲ್ಲಾಡಿಸದೆ ಹಿಡಿದುಕೊಂಡೆ.